ಪ್ರಿಯಾನ್ ರೋಗಗಳ ಚರಿತ್ರೆ

೧

ಅಂಟುರೋಗವೆಂದೊಡನೆ ನಮ್ಮ ನಾಡಿನವರಿಗೆ ಪ್ಲೇಗು, ಕಾಲರಾ, ಸಿಡುಬುಗಳ ಕಥೆಗಳು ಸ್ಮರಣೆಗೆ ಬರುವುದು ಸಹಜವಾಗಿದೆ. ಅಂತಹ ರೋಗವು ಊರನ್ನು ಹೊಕ್ಕಿತೆಂದರೆ ಕೆಲವು ದಿನಗಳೊಳಗಾಗಿ ಅದು ಬಂದುದು ತಿಳಿಯುತ್ತಿದ್ದಿತು. ಜನರು ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದು ತೊಲಗಿದುದೂ ಅಷ್ಟೇ ಸ್ಪಷ್ಟವಾಗಿ ತಿಳಿಯುತ್ತಿದ್ದಿತು. ಪ್ರಕೃತ ಲೇಖನದಲ್ಲಿ ನಿರೂಪಿಸಬೇಕೆಂದಿರುವ ರೋಗವರ್ಗವು ಇವುಗಳಿಗಿಂತ ತೀರ ವಿಲಕ್ಷಣವಾದುದು. ಇದರಲ್ಲಿ ಜ್ವರವಿಲ್ಲ, ಸೂಕ್ಷ್ಮದರ್ಶಕದಲ್ಲಿ ಹಿಡಿದು ತೋರಿಸಬಹುದಾದ ಕ್ರಿಮಿಯೂ ಇಲ್ಲ. ಹೊರಗಿನಿಂದ ಶರೀರವನ್ನು ಹೊಕ್ಕಾಗ ಇದು ವರ್ಷಗಟ್ಟಲೆ, ಕೆಲವರಲ್ಲಿ ನಲವತ್ತು ಐವತ್ತು ವರ್ಷಗಳವರೆಗೂ, ಯಾವ ಸುಳಿವನ್ನೂ ಕೊಡದೆ ಅಡಗಿರುವುದು; ಒಮ್ಮೆ ತಲೆಯೆತ್ತಿತೆಂದರೆ ಮಿದುಳನ್ನು ಸ್ಪಂಜಿನಂತೆ ತೂತುತೂತಾಗಿಸಿ, ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿಯೇ ಪ್ರಾಣವನ್ನು ಹರಣಮಾಡುವುದು. ಇದನ್ನು ಗುಣಪಡಿಸುವ ಔಷಧವು ಇಂದಿನವರೆಗೂ ದೊರೆತಿಲ್ಲ.

ರೋಗವನ್ನು ಅರಿಯುವುದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿಗಳೆಂಬ ಐದು ಸಾಧನಗಳನ್ನು ನಮ್ಮ ಆಯುರ್ವೇದದವರು ಹೇಳಿರುವರು. ಇಲ್ಲಿ ರೂಪವೊಂದೇ ಸ್ಪಷ್ಟವಾಗಿದ್ದಿತು. ಪೂರ್ವರೂಪವು ಕಣ್ಣಿಗೆ ಬೀಳದು; ಉಪಶಯವು ಸಿಕ್ಕಿಲ್ಲ; ನಿದಾನ ಸಂಪ್ರಾಪ್ತಿಗಳನ್ನು ಅರಿಯಲು ವಿದ್ವಾಂಸರಿಗೆ ಇನ್ನೂರೈವತ್ತು ವರ್ಷಗಳು ಹಿಡಿದವು. ಈ ಅರಿವು ಬಂದ ಬಗೆಯನ್ನೂ, ಅದು ಬರುವುದರೊಳಗೆ ಮನುಷ್ಯರು ತಿಳಿಯದೆ ಈ ರೋಗಕ್ಕೆ ಹಾಕಿಕೊಟ್ಟ ದಾರಿಗಳನ್ನೂ ವಾಚಕರ ಮುಂದೆ ಸಂಗ್ರಹವಾಗಿ ಇಡುವುದೇ ನನ್ನ ಉದ್ದೇಶ.

೨

ಈ ಚರಿತ್ರೆಯು ಕುರಿಯ ಮಂದೆಯಿಂದ ಪ್ರಾರಂಭವಾಗುವುದು. ಇಂಗ್ಲೆಂಡಿನಲ್ಲಿ ಕ್ರಿ. ಶ. ೧೭೩೨ರಿಂದೀಚೆಗೆ ಕುರಿಗಳ ಒಂದು ವಿಚಿತ್ರವಾದ ವ್ಯಾಧಿಯ ಉಲ್ಲೇಖಗಳು ದೊರೆಯುತ್ತವೆ. ವ್ಯಾಧಿಗೆ ತುತ್ತಾದ ಕುರಿಯು ತಾಳಲಾರದ ನವೆಯಿಂದ ಬೇಲಿಗೂ ಕಂಬಕ್ಕೂ ಮೈಯನ್ನು ಉಜ್ಜಿ ಉಜ್ಜಿ ಉಣ್ಣೆಯನ್ನು ಕಳೆದುಕೊಳ್ಳುವುದು. ಆಮೇಲೆ ಕಾಲುಗಳು ಸ್ವಾಧೀನ ತಪ್ಪಿ, ತೂರಾಡಿ, ಬಿದ್ದು ಸಾಯುವುದು. ಹೀಗೆ ಮೈಯನ್ನು ಕೆರೆದುಕೊಳ್ಳುವುದರಿಂದ ಇಂಗ್ಲಿಷರು ಇದಕ್ಕೆ ಸ್ಕ್ರೇಪಿ ಎಂದು ಹೆಸರಿಟ್ಟರು. ಉಣ್ಣೆಯ ವ್ಯಾಪಾರವೇ ಐಶ್ವರ್ಯಕ್ಕೆ ಮೂಲವಾಗಿದ್ದ ಆ ಕಾಲದಲ್ಲಿ ಇದು ಸಣ್ಣ ವಿಪತ್ತಾಗಿರಲಿಲ್ಲ.

೧೭೫೯ರಲ್ಲಿ ಜರ್ಮನಿಯ ಲಿಯೋಪೋಲ್ಟ್ ಎಂಬಾತನು ಕೃಷಿವಿಷಯಕವಾದ ತನ್ನ ಗ್ರಂಥದಲ್ಲಿ ಇದರ ಲಕ್ಷಣಗಳನ್ನು ವರ್ಣಿಸಿ, ಇದು ಅಂಟುವಂಥದೆಂದೂ ವಾಸಿಯಾಗದೆಂದೂ ಹೇಳಿ, ರೋಗದ ಕುರಿಯನ್ನು ಕೂಡಲೆ ಮಂದೆಯಿಂದ ಬೇರ್ಪಡಿಸಿ ದೂರದಲ್ಲಿ ಕೊಯ್ದು, ಜಮೀನುದಾರನ ಆಳುಕಾಳುಗಳ ಊಟಕ್ಕೆ ಕೊಟ್ಟುಬಿಡಬೇಕೆಂದು ಕುರುಬರಿಗೆ ಉಪದೇಶಿಸಿರುವನು. ಒಡೆಯನು ತಿನ್ನಬಾರದುದನ್ನು ಆಳು ತಿನ್ನಬಹುದೆಂಬ ಈ ನ್ಯಾಯವನ್ನು ವಾಚಕರು ಗಮನಿಸಬೇಕು. ಆದರೆ ಆ ಮಾಂಸವನ್ನು ತಿಂದವರಿಗೆ ಅದರಿಂದ ಕೇಡಾಯಿತೆಂಬುದು ಎಲ್ಲಿಯೂ ತಿಳಿದುಬರಲಿಲ್ಲ. ಈ ಒಂದು ಅಂಶವು ಎರಡು ಶತಮಾನಗಳ ಮೇಲೆ ಮಹಾನರ್ಥಕ್ಕೆ ಹೇತುವಾಯಿತೆಂಬುದನ್ನು ಮುಂದೆ ನೋಡುವೆವು.

ರೋಗವು ಅಂಟುವುದೇ, ವಂಶಪಾರಂಪರ್ಯವಾಗಿ ಬರುವುದೇ ಎಂಬ ವಾದವು ಬಹುಕಾಲ ನಡೆಯಿತು. ರೋಗಿಷ್ಠ ಕುರಿಯ ಮಿದುಳಿನ ರಸವನ್ನು ಆರೋಗ್ಯವಾಗಿರುವ ಕುರಿಗೆ ಚುಚ್ಚಿ ನೋಡಿದವರು ಸಾಕಷ್ಟು ಕಾಲ ಕಾಯದೆ ಕೈಬಿಟ್ಟಿದ್ದರು. ಫ್ರಾನ್ಸಿನ ಪಶುವೈದ್ಯರಾದ ಕ್ವಿಯೆ ಮತ್ತು ಶೆಲ್ ಎಂಬಿಬ್ಬರು ಕಾದರು. ಅವರು ಚುಚ್ಚಿದ ಕುರಿಗಳಲ್ಲಿ ಹದಿನಾಲ್ಕರಿಂದ ಇಪ್ಪತ್ತೆರಡು ತಿಂಗಳುಗಳ ತರುವಾಯ ರೋಗವು ತೋರಿತು. ೧೯೩೬ರಲ್ಲಿ ಈ ವಿಷಯವು ಪ್ರಕಟವಾಯಿತು. ಕಾಯುವ ತಾಳ್ಮೆಯಿಲ್ಲದವನಿಗೆ ಈ ರೋಗವು ತನ್ನ ಗುಟ್ಟನ್ನು ಬಿಡುವುದಿಲ್ಲವೆಂಬ ಮೊದಲ ಪಾಠವು ಹೀಗೆ ದೊರೆಯಿತು.

ಎರಡನೆಯ ಪಾಠವು ಅದೇ ದಶಕದಲ್ಲಿ ಬ್ರಿಟನ್ನಿನಲ್ಲಿಯೇ ಕಾದಿದ್ದಿತು. ಉಣ್ಣೆಗಳಿಂದ (ಕುರಿಯ ಮೈಮೇಲಿನ ರಕ್ತಪಾಯಿ ಹುಳುಗಳಿಂದ) ಹರಡುವ ಬೇರೊಂದು ಕುರಿರೋಗದ ನಿವಾರಣೆಗಾಗಿ ಕುರಿಗಳ ಮಿದುಳಿನಿಂದ ಒಂದು ಲಸಿಕೆಯನ್ನು ತಯಾರಿಸಿ, ಯಾವ ಕ್ರಿಮಿಯೂ ಬದುಕದಿರಲೆಂದು ಅದಕ್ಕೆ ಫಾರ್ಮಲಿನ್ ಬೆರೆಸಿ, ೧೯೩೫ರಲ್ಲಿ ೧೮,೦೦೦ದಷ್ಟು ಕುರಿಗಳಿಗೆ ಹಾಕಿದರು. ಎರಡು ವರ್ಷಗಳಲ್ಲಿ ಅವುಗಳ ಪೈಕಿ ನೂರಾರು ಕುರಿಗಳಿಗೆ ಸ್ಕ್ರೇಪಿ ತಗಲಿತು. ಮಿದುಳನ್ನು ಕೊಟ್ಟ ಕುರಿಗಳಲ್ಲಿ ಕೆಲವಕ್ಕೆ ರೋಗವು ಅಂಟಿ, ಹೊರಗೆ ಕಾಣದೆ ಇದ್ದಿತು. ಫಾರ್ಮಲಿನ್ ಅದನ್ನು ಕೊಲ್ಲಲಿಲ್ಲ. ರಕ್ಷಣೆಗಾಗಿ ಮಾಡಿದ ಉಪಾಯವೇ ರೋಗಕ್ಕೆ ದಾರಿಯಾಯಿತು.

೩

ಮನುಷ್ಯರಲ್ಲಿ ಇದೇ ವರ್ಗದ ರೋಗವನ್ನು ಜರ್ಮನಿಯ ವೈದ್ಯರಾದ ಕ್ರಾಯ್ಟ್ಸ್‌ಫೆಲ್ಟ್ ಎಂಬವರು ೧೯೨೦ರಲ್ಲಿಯೂ, ಯಾಕೋಬ್ ಎಂಬವರು ೧೯೨೧ರಲ್ಲಿಯೂ ವರ್ಣಿಸಿದರು. ಸಾಮಾನ್ಯವಾಗಿ ಅರುವತ್ತರ ಆಸುಪಾಸಿನವರಿಗೆ ಬುದ್ಧಿಯು ವೇಗವಾಗಿ ಮಂಕಾಗಿ, ಅಂಗಾಂಗಗಳು ಸೆಟೆದು ಅದುರಿ, ಕೆಲವು ತಿಂಗಳುಗಳಲ್ಲಿ ಮರಣವು ಸಂಭವಿಸುವುದು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಈ ಅಪೂರ್ವ ರೋಗಕ್ಕೂ ಕುರಿಯ ನವೆಗೂ ಸಂಬಂಧವಿರಬಹುದೆಂದು ಆಗ ಯಾರೂ ಊಹಿಸಲಿಲ್ಲ. ಆ ಸಂಬಂಧವನ್ನು ತೋರಿಸಿಕೊಟ್ಟುದು ಭೂಗೋಳದ ಇನ್ನೊಂದು ಮೂಲೆಯಲ್ಲಿರುವ ನ್ಯೂಗಿನಿ ದ್ವೀಪ.

ಆ ದ್ವೀಪದ ಪೂರ್ವಭಾಗದ ಎತ್ತರವಾದ ಪರ್ವತಪ್ರದೇಶದಲ್ಲಿ, ಇಂದಿನ ಪಾಪುವಾ ನ್ಯೂಗಿನಿಯಲ್ಲಿ, ಫೋರೇ ಎಂಬ ಜನರು ವಾಸಿಸುತ್ತಾರೆ. ಅವರನ್ನು ಕಾಡುತ್ತಿದ್ದ ವ್ಯಾಧಿಯ ಹೆಸರು ಕುರು. ಈ ಶಬ್ದಕ್ಕೂ ಭಾರತದ ಕುರುವಂಶಕ್ಕೂ, ನಮ್ಮ ಕನ್ನಡದಲ್ಲಿ ಹುಣ್ಣಿಗೆ ಹೇಳುವ ಕುರುವಿಗೂ ಯಾವ ಸಂಬಂಧವೂ ಇಲ್ಲ. ಫೋರೇ ಭಾಷೆಯಲ್ಲಿ ಅದಕ್ಕೆ ನಡುಗುವುದು ಎಂದರ್ಥ. ರೋಗಿಗೆ ಮೊದಲು ನಡಿಗೆಯು ತಪ್ಪುವುದು. ಅನಂತರ ಮೈಯೆಲ್ಲ ನಡುಗುವುದು. ಕಾರಣವಿಲ್ಲದೆ ನಗುವು ಉಕ್ಕುವುದು. ಕಡೆಗೆ ಕುಳಿತುಕೊಳ್ಳಲಾರದೆ, ನುಂಗಲಾರದೆ, ಹೆಚ್ಚುಕಡಿಮೆ ಒಂದು ವರ್ಷದೊಳಗೆ ಮರಣವು. ಇಷ್ಟಾದರೂ ಬಹುಮಟ್ಟಿಗೆ ಬುದ್ಧಿಯು ತಿಳಿಯಾಗಿಯೇ ಇದ್ದು, ತನಗಾಗುತ್ತಿರುವುದನ್ನು ರೋಗಿಯು ತಾನೇ ನೋಡುತ್ತಿರಬೇಕಾಗುವುದು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ೧೯೫೭ರಲ್ಲಿ ಜಿಗಾಸ್ ಮತ್ತು ಗೈಡುಶೆಕ್ ಎಂಬ ವೈದ್ಯರು ಇದನ್ನು ಲೋಕಕ್ಕೆ ತಿಳಿಸಿದಾಗ ವರ್ಷಕ್ಕೆ ಇನ್ನೂರರಷ್ಟು ಜನರು ಸಾಯುತ್ತಿದ್ದರು. ಕೆಲವು ಹಳ್ಳಿಗಳಲ್ಲಿ ಮಕ್ಕಳನ್ನು ಸಾಕುವುದಕ್ಕೆ ತಾಯಂದಿರೇ ಉಳಿಯದಂತಾಗಿದ್ದಿತು.

ಫೋರೇ ಜನರು ಇದನ್ನು ಅಭಿಚಾರವೆಂದು ನಂಬಿದ್ದರು. ಶತ್ರುವು ತಾವು ತಿಂದುಳಿದ ಆಹಾರವನ್ನೋ, ಕೂದಲನ್ನೋ ಕದ್ದು, ಎಲೆಯಲ್ಲಿ ಮಂತ್ರಿಸಿ ಕಟ್ಟಿ, ಕೆಸರಿನಲ್ಲಿ ಹೂಳುವನೆಂದೂ, ಆ ಗಂಟು ಕೊಳೆತಂತೆಲ್ಲ ರೋಗಿಯು ಕ್ಷೀಣಿಸುವನೆಂದೂ ಅವರ ತಿಳಿವಳಿಕೆ. ವೈದ್ಯರಾದರೋ ಮೊದಲು ಇದು ವಂಶದ ರೋಗವಿರಬೇಕೆಂದು ಶಂಕಿಸಿದರು. ೧೯೬೧ರಿಂದ ೧೯೬೩ರ ವರೆಗೆ ಅಲ್ಲಿ ನೆಲಸಿದ್ದ ಮಾನವಶಾಸ್ತ್ರಜ್ಞರಾದ ರಾಬರ್ಟ್ ಗ್ಲಾಸ್ ಮತ್ತು ಶರ್ಲಿ ಲಿಂಡೆನ್‌ಬಾಮ್ ಅವರು ಬೇರೆ ಮಾರ್ಗವನ್ನು ಹಿಡಿದರು. ಅವರು ಊರಿನ ವೃದ್ಧರನ್ನು ಕುಳ್ಳಿರಿಸಿಕೊಂಡು, ಯಾರು ಯಾರಿಗೆ ಏನಾಗಬೇಕು, ಯಾವ ಊರಿನಲ್ಲಿ ಮೊದಲ ರೋಗಿಯು ಯಾವಾಗ ಸತ್ತನು ಎಂದು ವಿಚಾರಿಸಿದರು. ಆಗ ಎರಡು ಸಂಗತಿಗಳು ತಿಳಿದುವು: ರೋಗವು ಪುರಾತನವಾದುದಲ್ಲ, ಹಿರಿಯರ ನೆನಪಿನ ಕಾಲದಲ್ಲಿಯೇ ಊರಿನಿಂದೂರಿಗೆ ಬಂದುದು, ಮತ್ತು ಬೇರೆ ಕುಲದಿಂದ ಮದುವೆಯಾಗಿ ಬಂದ ಸೊಸೆಯಂದಿರಿಗೂ ಅದು ಬರುತ್ತಿದ್ದಿತು. ರಕ್ತಸಂಬಂಧದಿಂದ ಬರುವ ವ್ಯಾಧಿಯಲ್ಲಿ ಇವೆರಡೂ ಹೊಂದಲಾರವು.

ಅವರಿಗೆ ಸಮಾನವಾಗಿದ್ದುದು ಒಂದು ಆಚಾರ. ಸತ್ತ ಬಂಧುವಿನ ದೇಹವನ್ನು ಮಣ್ಣಿನಲ್ಲಿ ಹುಳುಗಳ ಪಾಲು ಮಾಡುವುದಕ್ಕಿಂತ ತನ್ನವರ ಒಡಲಿನಲ್ಲಿಯೇ ಇರಿಸಿಕೊಳ್ಳುವುದು ಪ್ರೀತಿಯೆಂದು ಭಾವಿಸಿ, ಅವರು ಅದನ್ನು ಭಕ್ಷಿಸುತ್ತಿದ್ದರು. ಆ ಕಾರ್ಯದಲ್ಲಿ ಹೆಂಗಸರೇ ಮುಖ್ಯರು. ಮಿದುಳು ಅವರ ಮತ್ತು ಅವರೊಡನಿದ್ದ ಮಕ್ಕಳ ಪಾಲಿಗೆ ಬರುತ್ತಿದ್ದಿತು. ಗಂಡಸರು ಪ್ರಾಯಶಃ ದೂರವಿರುತ್ತಿದ್ದರು. ಇದನ್ನು ಓದಿ ಜುಗುಪ್ಸೆಪಡುವುದು ಸುಲಭ. ಆದರೆ ಆ ತಾಯಂದಿರು ಹಸಿವಿನಿಂದಾಗಲಿ ಕ್ರೌರ್ಯದಿಂದಾಗಲಿ ಹಾಗೆ ಮಾಡಲಿಲ್ಲ. ನಾವು ಶ್ರಾದ್ಧದ ಪಿಂಡವನ್ನು ಇಡುವಾಗ ಯಾವ ಭಾವವಿರುವುದೋ ಅದೇ ಭಾವದಿಂದ ಮಾಡಿದರು. ರೋಗವು ಭಾವವನ್ನು ನೋಡುವುದಿಲ್ಲ, ದಾರಿಯನ್ನು ಮಾತ್ರ ನೋಡುವುದು.

ಇಷ್ಟರಲ್ಲಿ ಅಮೆರಿಕಾದ ಪಶುವೈದ್ಯರಾದ ವಿಲಿಯಂ ಹ್ಯಾಡ್ಲೋ ಎಂಬವರು ಲಂಡನ್ನಿನ ವಸ್ತುಪ್ರದರ್ಶನವೊಂದರಲ್ಲಿ ಕುರು ರೋಗಿಗಳ ಮಿದುಳಿನ ಚಿತ್ರಗಳನ್ನು ಕಂಡು ಬೆರಗಾದರು. ಅವು ತಾವು ದಿನವೂ ನೋಡುತ್ತಿದ್ದ ಸ್ಕ್ರೇಪಿ ಕುರಿಗಳ ಮಿದುಳಿನಂತೆಯೇ ಇದ್ದುವು. ಕುರುವನ್ನೂ ವಾನರಗಳಿಗೆ ಚುಚ್ಚಿ ಬಹುಕಾಲ ಕಾದು ನೋಡಬೇಕೆಂದು ಅವರು ೧೯೫೯ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಗೈಡುಶೆಕ್, ಗಿಬ್ಸ್, ಆಲ್ಪರ್ಸ್ ಇವರು ಹಾಗೆಯೇ ಚಿಂಪಾಂಜಿಗಳಿಗೆ ಚುಚ್ಚಿ ಕಾದರು. ಎರಡು ವರ್ಷಗಳ ಸಮೀಪದಲ್ಲಿ ಅವು ನಡುಗತೊಡಗಿದುವು. ೧೯೬೬ರಲ್ಲಿ ಇದು ಪ್ರಕಟವಾಯಿತು. ೧೯೬೮ರಲ್ಲಿ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ರೋಗವೂ ಹಾಗೆಯೇ ಚಿಂಪಾಂಜಿಗೆ ಅಂಟಿತು. ಹೀಗೆ ಕುರಿಯ ರೋಗ, ನ್ಯೂಗಿನಿಯ ರೋಗ, ಯೂರೋಪಿನ ವೃದ್ಧರ ರೋಗ ಈ ಮೂರೂ ಒಂದೇ ವರ್ಗಕ್ಕೆ ಸೇರಿದುವೆಂದು ಸ್ಥಿರಪಟ್ಟಿತು. ೧೯೭೬ರಲ್ಲಿ ಗೈಡುಶೆಕ್ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಆಸ್ಟ್ರೇಲಿಯಾದ ಆಡಳಿತದವರು ನಿಷೇಧಿಸಿದುದರಿಂದ ಆ ಆಚಾರವು ೧೯೬೦ರ ವೇಳೆಗೆ ನಿಂತುಹೋಯಿತು. ಅಲ್ಲಿಂದ ಮುಂದೆ ಹುಟ್ಟಿದ ಯಾವ ಮಗುವಿಗೂ ಕುರು ಬರಲಿಲ್ಲ. ವರ್ಷವರ್ಷಕ್ಕೂ ರೋಗಿಗಳ ವಯಸ್ಸು ಏರುತ್ತ, ಸಂಖ್ಯೆಯು ಇಳಿಯುತ್ತ ಹೋಯಿತು. ಆಚಾರವಿದ್ದಲ್ಲಿ ರೋಗ, ಆಚಾರವಿಲ್ಲದಲ್ಲಿ ರೋಗವಿಲ್ಲ ಎಂಬ ಅನ್ವಯ-ವ್ಯತಿರೇಕಗಳು ಇದಕ್ಕಿಂತ ಸ್ಪಷ್ಟವಾಗಿ ದೊರೆಯುವುದು ದುರ್ಲಭ. ಆದರೆ ಒಳಗೆ ಅಡಗಿದ್ದ ರೋಗವು ಅಳಿಯಲಿಲ್ಲ. ೧೯೯೬ರಿಂದ ೨೦೦೪ರ ವರೆಗಿನ ಅವಧಿಯಲ್ಲಿಯೂ ಹನ್ನೊಂದು ಮಂದಿ ರೋಗಿಗಳು ಕಂಡುಬಂದರು. ಅವರೆಲ್ಲರೂ ೧೯೫೦ಕ್ಕೆ ಮೊದಲೇ ಹುಟ್ಟಿದವರು. ಬಾಲ್ಯದಲ್ಲಿ ಬಂಧುವಿನ ಶವಸಂಸ್ಕಾರದಲ್ಲಿ ತಿಂದುದು ನಲವತ್ತು ಐವತ್ತು ವರ್ಷಗಳಾದ ಮೇಲೆ, ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿ, ಫಲಿಸಿತು.

೪

ಇನ್ನು ಈ ರೋಗವನ್ನುಂಟುಮಾಡುವ ವಸ್ತು ಯಾವುದು? ಕ್ರಿಮಿಯಾಗಲಿ ವೈರಸ್ಸಾಗಲಿ ತನ್ನ ಸಂತತಿಯನ್ನು ಬೆಳೆಸಬೇಕಾದರೆ ಅದರಲ್ಲಿ ನ್ಯೂಕ್ಲಿಯಿಕ್ ಆಮ್ಲವೆಂಬ ಬೀಜದ್ರವ್ಯವಿರಬೇಕು. ಲಂಡನ್ನಿನಲ್ಲಿ ಟಿಕ್ವಾ ಆಲ್ಪರ್ ಎಂಬ ವಿದುಷಿಯು ಸ್ಕ್ರೇಪಿಯ ಮೇಲೆ ಆ ಬೀಜದ್ರವ್ಯವನ್ನು ನಾಶಮಾಡುವ ಕಿರಣಗಳನ್ನು ಹಾಯಿಸಿದರೂ ಅದರ ರೋಗಶಕ್ತಿಯು ಕುಂದಲಿಲ್ಲವೆಂದು ೧೯೬೭ರಲ್ಲಿ ತೋರಿಸಿದರು. ಅದೇ ವರ್ಷ ಗ್ರಿಫಿತ್ ಎಂಬ ಗಣಿತಜ್ಞರು, ಪ್ರೋಟೀನು ಒಂದೇ ತನ್ನಂತಹ ಇನ್ನೊಂದನ್ನು ಮಾಡಬಲ್ಲ ಬಗೆಗಳನ್ನು ಯುಕ್ತಿಯಿಂದ ಸೂಚಿಸಿದರು. ಹದಿನೈದು ವರ್ಷಗಳ ಮೇಲೆ, ೧೯೮೨ರಲ್ಲಿ, ಕ್ಯಾಲಿಫೋರ್ನಿಯಾದ ಸ್ಟ್ಯಾನ್ಲಿ ಪ್ರೂಸಿನರ್ ಅವರು ಆ ವಸ್ತುವು ಪ್ರೋಟೀನೇ ಎಂದು ವಾದಿಸಿ ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟರು. ನಿರ್ಜೀವವಾದುದು ಸಂತತಿಯನ್ನು ಪಡೆಯುವುದೆಂಬ ಈ ಮಾತನ್ನು ಅನೇಕರು ಹಾಸ್ಯಮಾಡಿದರು.

ಪ್ರೂಸಿನರ್ ಅವರ ಪಕ್ಷವು ಹೀಗಿದೆ. ಪ್ರಿಯಾನ್ ಪ್ರೋಟೀನು ಹೊರಗಿನಿಂದ ಬಂದ ಶತ್ರುವಲ್ಲ. ನಮ್ಮೆಲ್ಲರ ಜೀವಕೋಶಗಳಲ್ಲಿ, ವಿಶೇಷವಾಗಿ ಮಿದುಳಿನಲ್ಲಿ, ಅದು ಹುಟ್ಟಿನಿಂದಲೇ ಇರುವುದು. ಪ್ರೋಟೀನೆಂಬುದು ಉದ್ದನೆಯ ಸರವು ನಿಯತವಾದ ರೀತಿಯಲ್ಲಿ ಮಡಿಸಿಕೊಂಡುದು. ಅದೇ ಸರವು ವಕ್ರವಾದ ಬೇರೊಂದು ರೀತಿಯಲ್ಲಿ ಮಡಿಸಿಕೊಂಡರೆ ಅದೇ ರೋಗಬೀಜವಾಗುವುದು, ಅದು ತನ್ನ ಪಕ್ಕದ ಒಳ್ಳೆಯ ಪ್ರೋಟೀನನ್ನು ಸೋಂಕಿ ತನ್ನ ರೂಪಕ್ಕೆ ತಿರುಗಿಸುವುದು, ಅದು ಇನ್ನೊಂದನ್ನು. ಹಾಲಿನ ಕೊಡಕ್ಕೆ ಒಂದು ಹನಿ ಹೆಪ್ಪು ಬಿದ್ದರೆ ಕೊಡವೆಲ್ಲ ಮೊಸರಾಗುವುದಷ್ಟೆ? ಹೆಪ್ಪಿನಲ್ಲಿ ಜೀವಿಗಳಿವೆ, ಪ್ರಿಯಾನಿನಲ್ಲಿ ಜೀವವಿಲ್ಲ ಎಂಬ ಭೇದವೊಂದನ್ನು ಬಿಟ್ಟರೆ ದೃಷ್ಟಾಂತವು ಹೊಂದುವುದು. ಸ್ವಂತ ಪ್ರೋಟೀನೇ ಆದುದರಿಂದ ಶರೀರವು ಅದನ್ನು ಶತ್ರುವೆಂದು ಗುರುತಿಸದು, ಆದುದರಿಂದಲೇ ಜ್ವರವಿಲ್ಲ. ಜೀವವೇ ಇಲ್ಲದುದರಿಂದ ಸಾಮಾನ್ಯವಾದ ಕುದಿಸುವಿಕೆ, ಮದ್ಯಸಾರ, ಫಾರ್ಮಲಿನ್‌ಗಳಿಗೆ ಅದು ಅಳಿಯದು.

೧೯೮೫ರಲ್ಲಿ ಈ ಪ್ರೋಟೀನಿನ ಮೂಲವು ಆರೋಗ್ಯವಾಗಿರುವ ಪ್ರಾಣಿಗಳಲ್ಲಿಯೂ ಇರುವುದೆಂದು ತಿಳಿಯಿತು. ೧೯೯೩ರಲ್ಲಿ ವೈಸ್‌ಮನ್ ಅವರ ಸಂಗಡಿಗರು ಈ ಪ್ರೋಟೀನೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸ್ಕ್ರೇಪಿಯನ್ನು ಚುಚ್ಚಿದರು. ಅವುಗಳಿಗೆ ರೋಗವು ತಗಲಲಿಲ್ಲ. ಹಾಲೇ ಇಲ್ಲದ ಕೊಡದಲ್ಲಿ ಹೆಪ್ಪು ಏನು ಮಾಡೀತು? ೧೯೯೭ರಲ್ಲಿ ಪ್ರೂಸಿನರ್ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಈ ಸಿದ್ಧಾಂತದಿಂದ, ಒಂದೇ ರೋಗವು ಮೂರು ಬಗೆಯಾಗಿ ಬರುವುದೇಕೆಂಬುದೂ ಅರ್ಥವಾಯಿತು. ನೂರಕ್ಕೆ ಸುಮಾರು ಎಂಬತ್ತೈದು ಮಂದಿಯಲ್ಲಿ ಆ ವಕ್ರವಾದ ಮಡಿಕೆಯು ಯಾವ ಹೊರಗಿನ ಕಾರಣವೂ ಕಾಣದೆ ತಾನಾಗಿಯೇ ಉಂಟಾಗುವುದು. ಹತ್ತು ಹದಿನೈದು ಮಂದಿಗೆ ವಂಶದ ದೋಷದಿಂದ. ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಿಗೆ ಹೊರಗಿನಿಂದ ಅಂಟುವುದು.

೫

ಹೊರಗಿನಿಂದ ಅಂಟುವ ಈ ಅಲ್ಪಭಾಗದಲ್ಲಿಯೇ ನಮಗೆ ಕಲಿಯಬೇಕಾದ ಪಾಠವೆಲ್ಲ ಅಡಗಿರುವುದು. ಅದರ ಒಂದು ಪಾಲು ವೈದ್ಯರ ಕೈಯಿಂದ ಆದುದು. ೧೯೭೪ರಲ್ಲಿ ಅಮೆರಿಕಾದಲ್ಲಿ, ಮೃತನಾದವನೊಬ್ಬನ ಕಣ್ಣಿನ ಪಾರದರ್ಶಕ ಪಟಲವನ್ನು ಜೋಡಿಸಿಕೊಂಡ ರೋಗಿಗೆ ಈ ವ್ಯಾಧಿಯು ತಗಲಿದುದು ವರದಿಯಾಯಿತು. ೧೯೭೭ರಲ್ಲಿ ಜ್ಯೂರಿಕ್ ನಗರದಲ್ಲಿ, ರೋಗಿಯ ಮಿದುಳಿನಲ್ಲಿ ಬಳಸಿದ್ದ ವಿದ್ಯುತ್ತಂತಿಗಳನ್ನು ಮದ್ಯಸಾರ, ಫಾರ್ಮಲಿನ್ ಆವಿಗಳಿಂದ ಶುದ್ಧಮಾಡಿ ಇಬ್ಬರು ತರುಣರಿಗೆ ಉಪಯೋಗಿಸಿದುದರಿಂದ ಅವರಿಬ್ಬರೂ ರೋಗಕ್ಕೆ ಬಲಿಯಾದುದು ತಿಳಿದುಬಂದಿತು.

ಇವು ಬಿಡಿ ಪ್ರಸಂಗಗಳು. ದೊಡ್ಡ ದುರಂತವು ಬೇರೆ. ಎತ್ತರವಾಗಿ ಬೆಳೆಯದ ಮಕ್ಕಳಿಗೆ ಹಿತವಾಗಲೆಂದು ಮೃತರ ಪಿಟ್ಯೂಟರಿ ಗ್ರಂಥಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಒಟ್ಟುಗೂಡಿಸಿ, ಅವುಗಳಿಂದ ತೆಗೆದ ಹಾರ್ಮೋನನ್ನು ೧೯೫೦ರ ದಶಕದ ಕೊನೆಯಿಂದ ಹಲವು ದೇಶಗಳಲ್ಲಿ ಚುಚ್ಚುತ್ತಿದ್ದರು. ಸಾವಿರ ಗ್ರಂಥಿಗಳಲ್ಲಿ ಒಂದು ಕೆಟ್ಟುದಾಗಿದ್ದರೂ ಆ ರಾಶಿಯೆಲ್ಲವೂ ಕೆಡುವುದಷ್ಟೆ! ೧೯೮೫ರಲ್ಲಿ ಮೊದಲ ಮರಣಗಳು ಗೋಚರಿಸಿದಾಗ ಅಮೆರಿಕಾ, ಬ್ರಿಟನ್ ಮೊದಲಾದೆಡೆ ಅದನ್ನು ನಿಲ್ಲಿಸಿದರು. ಕೃತಕವಾಗಿ ತಯಾರಿಸಿದ ಹಾರ್ಮೋನು ಅದರ ಸ್ಥಾನಕ್ಕೆ ಬಂದಿತು. ಹಾಗೆಯೇ ಮೃತರ ಮಿದುಳಿನ ಹೊದಿಕೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೇಪೆಯಾಗಿ ಬಳಸಿದುದರಿಂದ, ಮುಖ್ಯವಾಗಿ ಜಪಾನಿನಲ್ಲಿ, ಬಹುಮಂದಿ ಸತ್ತರು. ೨೦೧೨ರಲ್ಲಿ ಪ್ರಕಟವಾದ ಗಣನೆಯಂತೆ ಲೋಕದಲ್ಲಿ ಹಾರ್ಮೋನಿನಿಂದ ೨೨೬, ಹೊದಿಕೆಯ ತೇಪೆಯಿಂದ ೨೨೮ ಮಂದಿಗೆ ರೋಗವು ಬಂದಿದ್ದಿತು. ಎತ್ತರ ಬೆಳೆಯಲೆಂದು ತಾಯಿತಂದೆಗಳು ಕೈಹಿಡಿದು ಕರೆದೊಯ್ದ ಮಗುವು ಮೂವತ್ತರ ಯೌವನದಲ್ಲಿ ನಡಿಗೆ ತಪ್ಪಿ ಬೀಳುವಾಗ, ಅದರ ಕಾರಣವು ಇಪ್ಪತ್ತು ವರ್ಷದ ಹಿಂದಿನ ಒಂದು ಸೂಜಿಯಲ್ಲಿದ್ದಿತೆಂದು ಯಾರು ತಾನೆ ಊಹಿಸಬಲ್ಲರು?

೬

ಈಗ ಈ ಚರಿತ್ರೆಯ ಪ್ರಧಾನ ಪ್ರಕರಣಕ್ಕೆ ಬರೋಣ. ೧೯೮೬ರ ನವೆಂಬರಿನಲ್ಲಿ ಇಂಗ್ಲೆಂಡಿನ ವೇಬ್ರಿಡ್ಜಿನಲ್ಲಿರುವ ಸರ್ಕಾರದ ಪಶುವೈದ್ಯ ಪ್ರಯೋಗಶಾಲೆಯವರು ತೂರಾಡಿ ಸತ್ತ ಹಸುಗಳ ಮಿದುಳಿನಲ್ಲಿ ಸ್ಪಂಜಿನಂತಹ ತೂತುಗಳನ್ನು ಕಂಡರು. ಪತ್ರಿಕೆಗಳು ಇದನ್ನು ಹುಚ್ಚು ಹಸುವಿನ ರೋಗವೆಂದು ಕರೆದುವು. ಜಾನ್ ವೈಲ್ಸ್‌ಮಿತ್ ಎಂಬ ಪಶುವೈದ್ಯರು ಹಿಂಡುಹಿಂಡುಗಳ ಲೆಕ್ಕವನ್ನು ತೆಗೆದು, ರೋಗಿ ಹಸುಗಳಿಗೆಲ್ಲ ಸಮಾನವಾಗಿದ್ದುದು ಅವುಗಳ ಆಹಾರವೆಂದು ತೋರಿಸಿದರು. ಕಸಾಯಿಖಾನೆಯಲ್ಲಿ ಉಳಿದ ಅವಯವಗಳನ್ನೂ ಸತ್ತ ದನಕುರಿಗಳನ್ನೂ ಬೇಯಿಸಿ, ಕೊಬ್ಬನ್ನು ತೆಗೆದು, ಉಳಿದುದನ್ನು ಪುಡಿಮಾಡಿ, ಹಾಲು ಹೆಚ್ಚಲೆಂದು ಹಸುಗಳ ಹಿಂಡಿಗೆ ಬೆರೆಸುವ ಪದ್ಧತಿಯು ಅಲ್ಲಿ ರೂಢವಾಗಿದ್ದಿತು. ಹುಲ್ಲು ತಿನ್ನತಕ್ಕ ಪಶುವಿಗೆ ಅದರ ಜಾತಿಯದೇ ಮಾಂಸವು ತಿಳಿಯದಂತೆ ಉಣ್ಣಿಸಲ್ಪಡುತ್ತಿದ್ದಿತು. ಒಂದು ರೋಗಿ ಹಸುವು ಪುಡಿಯಾಗಿ ಅನೇಕ ಹಸುಗಳ ಹೊಟ್ಟೆ ಸೇರುವುದು. ಅವು ಸತ್ತು ಮತ್ತೆ ಪುಡಿಯಾಗುವುವು. ಫೋರೇ ಜನರು ದುಃಖದಿಂದ ಮಾಡಿದುದನ್ನೇ ಇಲ್ಲಿ ಕಾರಖಾನೆಯು ಲಾಭಕ್ಕಾಗಿ ಮಾಡಿತು. ದುಃಖಕ್ಕಿಂತ ಲಾಭದ ಕೈ ಉದ್ದವಾದುದರಿಂದ ಪರಿಣಾಮವೂ ಅಷ್ಟೇ ವಿಸ್ತಾರವಾಯಿತು.

೧೯೮೮ರ ಜುಲೈ ತಿಂಗಳಲ್ಲಿ ಈ ಪುಡಿಯನ್ನು ಮೆಲುಕುಹಾಕುವ ಪ್ರಾಣಿಗಳಿಗೆ ಕೊಡಕೂಡದೆಂದು ಸರ್ಕಾರವು ವಿಧಿಸಿತು. ಆದರೆ ಹಂದಿಕೋಳಿಗಳಿಗೆ ಅದನ್ನು ಕೊಡುವುದು ನಡೆದೇ ಇದ್ದಿತು. ಅದೇ ಗಿರಣಿಗಳಲ್ಲಿ ಹಸುವಿನ ಆಹಾರವೂ ತಯಾರಾಗುತ್ತಿದ್ದಿತು. ಒಂದು ಗ್ರಾಂ ತೂಕದ ರೋಗಿಷ್ಠ ಮಿದುಳು ಒಂದು ಹಸುವಿಗೆ ರೋಗ ತರಲು ಸಾಕೆಂದು ಮುಂದೆ ತಿಳಿದುಬಂದಿತು. ನಿಷೇಧವಾದ ಮೇಲೆ ಹುಟ್ಟಿದ ಕರುಗಳಲ್ಲಿಯೇ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ರೋಗಕ್ಕೆ ಗುರಿಯಾದುವು. ೧೯೯೨ನೆಯ ಒಂದೇ ವರ್ಷದಲ್ಲಿ ೩೭,೦೦೦ಕ್ಕೂ ಹೆಚ್ಚು, ಒಟ್ಟಿನಲ್ಲಿ ೧,೮೦,೦೦೦ಕ್ಕೂ ಹೆಚ್ಚು ಹಸುಗಳಲ್ಲಿ ರೋಗವು ನಿಶ್ಚಿತವಾಯಿತು.

ಮನುಷ್ಯರ ಗತಿಯೇನು? ಇದನ್ನು ವಿಚಾರಿಸಲು ಆಕ್ಸ್‌ಫರ್ಡಿನ ಪ್ರಾಣಿಶಾಸ್ತ್ರಜ್ಞರಾದ ಸರ್ ರಿಚರ್ಡ್ ಸೌತ್‌ವುಡ್ ಅವರ ಅಧ್ಯಕ್ಷತೆಯಲ್ಲಿ ಒಂದು ಮಂಡಲಿಯು ನೇಮಕವಾಗಿ, ೧೯೮೯ರ ಫೆಬ್ರವರಿಯಲ್ಲಿ ವರದಿಯನ್ನು ಕೊಟ್ಟಿತು. ಹಸುವಿನ ರೋಗವು ಕುರಿಯ ಸ್ಕ್ರೇಪಿಯಿಂದ ಬಂದುದೆಂದೂ, ಸ್ಕ್ರೇಪಿ ಕುರಿಗಳನ್ನು ಎರಡು ಶತಮಾನಗಳಿಂದ ಜನರು ತಿಂದರೂ ಕೇಡಾಗಿಲ್ಲವಾದುದರಿಂದ ಇದರಿಂದಲೂ ಮನುಷ್ಯರಿಗೆ ಅಪಾಯವುಂಟಾಗುವ ಸಂಭವವು ತೀರ ಕಡಿಮೆಯೆಂದೂ ಮಂಡಲಿಯವರು ಅಭಿಪ್ರಾಯಪಟ್ಟರು. ತಮ್ಮ ಈ ಊಹೆಯು ತಪ್ಪಾದರೆ ಪರಿಣಾಮವು ಅತಿ ಘೋರವಾಗುವುದೆಂಬ ಮಾತನ್ನೂ ಅವರು ಪ್ರಾಮಾಣಿಕವಾಗಿ ಸೇರಿಸಿದ್ದರು. ಆದರೆ ಮೊದಲನೆಯ ವಾಕ್ಯವನ್ನು ಎಲ್ಲರೂ ಉದಾಹರಿಸಿದರು, ಎರಡನೆಯದನ್ನು ಮರೆತರು. ೧೯೯೦ರ ಮೇ ತಿಂಗಳಿನಲ್ಲಿ ಬೆಕ್ಕೊಂದಕ್ಕೆ ಇಂತಹದೇ ರೋಗವು ತಗಲಿ ಜನರು ಗಾಬರಿಗೊಂಡಾಗ, ಕೃಷಿಮಂತ್ರಿಗಳಾಗಿದ್ದ ಜಾನ್ ಗಮ್ಮರ್ ಅವರು ಛಾಯಾಗ್ರಾಹಕರ ಎದುರಿನಲ್ಲಿ ತಮ್ಮ ಪುಟ್ಟ ಮಗಳಿಗೆ ಗೋಮಾಂಸದ ತಿಂಡಿಯನ್ನು ಕೊಟ್ಟು ಭಯವಿಲ್ಲವೆಂದು ತೋರಿಸಿದರು.

ಇಲ್ಲಿ ನಮ್ಮ ಶಾಸ್ತ್ರಕಾರರ ಒಂದು ಸೂಕ್ಷ್ಮವಿಚಾರವನ್ನು ಸ್ಮರಿಸುವುದು ಅನುಚಿತವಾಗಲಾರದು. ವಸ್ತುವಿನ ಅಭಾವವನ್ನು ತಿಳಿಯುವುದಕ್ಕೆ ಅನುಪಲಬ್ಧಿ, ಎಂದರೆ ಕಾಣದಿರುವಿಕೆ, ಸಾಧನವೆಂದು ಮೀಮಾಂಸಕರು ಹೇಳುವರು. ಆದರೆ ಎಲ್ಲ ಕಾಣದಿರುವಿಕೆಯೂ ಪ್ರಮಾಣವಲ್ಲ. ಬೆಳಕಿರುವ ಕೋಣೆಯ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ನಿಶ್ಚಯಿಸಬಹುದು. ಏಕೆಂದರೆ ಇದ್ದಿದ್ದರೆ ಕಾಣಲೇಬೇಕಾಗಿದ್ದಿತು. ಕಗ್ಗತ್ತಲೆಯಲ್ಲಿ ಗಡಿಗೆಯು ಕಾಣದಿದ್ದರೆ ಅದರಿಂದ ಏನೂ ಸಿದ್ಧಿಸುವುದಿಲ್ಲ. ಇದ್ದರೆ ಕಾಣಲು ಯೋಗ್ಯವಾದುದು ಕಾಣದಿದ್ದಾಗ ಮಾತ್ರವೇ ಅದು ಯೋಗ್ಯಾನುಪಲಬ್ಧಿಯಾಗಿ ಪ್ರಮಾಣವಾಗುವುದು. ಹಸುವಿನ ರೋಗವು ಕಂಡು ಮೂರು ನಾಲ್ಕು ವರ್ಷಗಳಾಗಿದ್ದುವು. ಈ ವರ್ಗದ ರೋಗವು ಮನುಷ್ಯನಲ್ಲಿ ಹತ್ತಾರು ವರ್ಷ ಅಡಗಿರಬಲ್ಲುದೆಂದು ನ್ಯೂಗಿನಿಯಲ್ಲಿ ಆಗಲೇ ತಿಳಿದಿದ್ದಿತು. ಇಂತಿರಲು ರೋಗಿಗಳು ಕಾಣಲಿಲ್ಲವೆಂಬುದು ಕತ್ತಲೆಯ ಕೋಣೆಯ ಗಡಿಗೆಯಂತೆ ಆಗಲಿಲ್ಲವೆ? ಕುರಿಯ ರೋಗದ ಎರಡು ಶತಮಾನಗಳ ಅನುಭವವು ಕುರಿಗೆ ಪ್ರಮಾಣವಾಗಬಹುದು. ಹಸುವಿಗೆ ಅದು ಕೇವಲ ಉಪಮಾನ.

ಆದರೂ ಕೆಲವು ಜಾಗರೂಕರು ದೀಪ ಹಿಡಿದು ಕುಳಿತಿದ್ದರು. ೧೯೯೦ರಲ್ಲಿ ಎಡಿನ್‌ಬರೋ ನಗರದಲ್ಲಿ ರಾಬರ್ಟ್ ವಿಲ್ ಎಂಬ ವೈದ್ಯರ ನೇತೃತ್ವದಲ್ಲಿ, ದೇಶದಲ್ಲಿ ಈ ರೋಗದಿಂದ ಸಾಯುವ ಪ್ರತಿಯೊಬ್ಬರ ವೃತ್ತಾಂತವನ್ನೂ ಪರೀಕ್ಷಿಸುವ ಒಂದು ಶಾಖೆಯು ಸ್ಥಾಪಿತವಾಯಿತು. ವೃದ್ಧರಿಗೆ ಬರುವ ರೋಗವು ತರುಣರಲ್ಲಿ, ಹದಿಹರೆಯದವರಲ್ಲಿಯೂ, ಬೇರೆಯೇ ಲಕ್ಷಣಗಳೊಡನೆ ತೋರುತ್ತಿರುವುದನ್ನು ಕಂಡುಹಿಡಿದವರು ಅವರೇ. ೧೯೯೬ರ ಮಾರ್ಚಿ ೨೦ರಂದು ಆರೋಗ್ಯಮಂತ್ರಿಗಳಾದ ಸ್ಟೀಫನ್ ಡೊರೆಲ್ ಅವರು, ಇಂತಹ ಹತ್ತು ಮಂದಿಯ ರೋಗಕ್ಕೆ ಹಸುವಿನ ರೋಗವೇ ಕಾರಣವಾಗಿರುವ ಸಂಭವವು ಅಧಿಕವೆಂದು ಕಾಮನ್ಸ್ ಸಭೆಯಲ್ಲಿ ಪ್ರಕಟಿಸಬೇಕಾಯಿತು. ಒಂದು ವಾರದೊಳಗೆ ಯೂರೋಪಿನ ಒಕ್ಕೂಟವು ಬ್ರಿಟಿಷ್ ಗೋಮಾಂಸದ ರಫ್ತನ್ನು ನಿಷೇಧಿಸಿತು. ಲಕ್ಷಾಂತರ ದನಗಳನ್ನು ಕೊಂದು ಸುಟ್ಟರು. ಬ್ರಿಟನ್ನಿನಲ್ಲಿ ಈ ಹೊಸ ರೂಪದ ರೋಗಕ್ಕೆ ಬಲಿಯಾದವರು ೧೭೮ ಮಂದಿ; ಇತರ ದೇಶಗಳವರೂ ಸೇರಿ ಇನ್ನೂರ ಮೂವತ್ತಕ್ಕೆ ಮೇಲೆ. ಸತ್ತವರ ವಯಸ್ಸಿನ ಮಧ್ಯಮಾನವು ೨೮ ವರ್ಷ.

ಲಾರ್ಡ್ ಫಿಲಿಪ್ಸ್ ಅವರ ವಿಚಾರಣಾ ವರದಿಯು ೨೦೦೦ದ ಅಕ್ಟೋಬರಿನಲ್ಲಿ ಹದಿನಾರು ಸಂಪುಟಗಳಾಗಿ ಹೊರಬಿದ್ದಿತು. ಅಧಿಕಾರಿಗಳು ಬೇಕೆಂದು ಸುಳ್ಳಾಡಲಿಲ್ಲ. ಜನರು ಗಾಬರಿಪಟ್ಟಾರೆಂಬ ಭಯವೇ ಅವರನ್ನು ಆಳಿತು, ಸಮಾಧಾನದ ಮಾತೇ ಮುಂದೆ ಜನರ ವಿಶ್ವಾಸವನ್ನು ಕೆಡಿಸಿತು ಎಂಬುದು ಅದರ ಸಾರ. ಆ ಬಳಿಕ ರಕ್ತದಾನದಿಂದಲೂ ನಾಲ್ವರಿಗೆ ಸೋಂಕು ತಗಲಿದುದು ಬೆಳಕಿಗೆ ಬಂದಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ೩೨,೪೪೧ ಅಪೆಂಡಿಕ್ಸುಗಳನ್ನು ಪರೀಕ್ಷಿಸಿದಾಗ ೧೬ರಲ್ಲಿ ವಿಕೃತ ಪ್ರೋಟೀನು ಇದ್ದುದು ೨೦೧೩ರಲ್ಲಿ ಪ್ರಕಟವಾಯಿತು. ಎಂದರೆ ಎರಡು ಸಾವಿರಕ್ಕೆ ಒಬ್ಬರು. ಅವರಲ್ಲಿ ಎಷ್ಟು ಮಂದಿಗೆ ರೋಗವು ಫಲಿಸುವುದೆಂಬುದನ್ನು ಕಾಲವೇ ಹೇಳಬೇಕು.

೭

ಹಾಗಾದರೆ ಈ ರೋಗವು ಎಷ್ಟು ಭಯಂಕರವಾದುದು? ರೋಗಿಯ ದೃಷ್ಟಿಯಿಂದ ಇದಕ್ಕಿಂತ ಭಯಂಕರವಾದುದಿಲ್ಲ. ತಗಲಿದವನಿಗೆ ಮರಣವು ನಿಶ್ಚಿತ. ಲೋಕದ ದೃಷ್ಟಿಯಿಂದ ಇದು ಅತ್ಯಂತ ವಿರಳ. ಇದು ಉಸಿರಿನಿಂದ ಹರಡದು, ಮುಟ್ಟಿದರೆ ಬಾರದು, ಒಂದೇ ಮನೆಯಲ್ಲಿದ್ದು ಶುಶ್ರೂಷೆ ಮಾಡುವವರಿಗೆ ಅಂಟದು. ನಮ್ಮ ದೇಶದಲ್ಲಿಯೂ ತಾನಾಗಿ ಹುಟ್ಟುವ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ರೋಗವು ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಅಂತಹ ರೋಗಿಗಳ ವೃತ್ತಾಂತಗಳನ್ನು ಸಂಗ್ರಹಿಸಿ ಪ್ರಕಟಿಸಿರುವರು. ಅಂತಹ ರೋಗಿಯಿರುವ ಮನೆಯವರನ್ನು ದೂರವಿಡುವುದು ಅಜ್ಞಾನ. ಅವರಿಗೆ ಬೇಕಾದುದು ನೆರವು. ಹಸುವಿನ ರೋಗದ ವಿಷಯದಲ್ಲಿ ಭಾರತವು ಗಣನೆಗೆ ಬಾರದಷ್ಟು ಕಡಿಮೆ ಅಪಾಯವುಳ್ಳ ದೇಶವೆಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ೨೦೧೦ರಲ್ಲಿ ಅಂಗೀಕರಿಸಿರುವುದು.

ಒಂದು ವಿಷಯದಲ್ಲಿ ಮಾತ್ರ ಎಚ್ಚರಿಕೆಯು ಇನ್ನೂ ಅಗತ್ಯವಾಗಿದೆ. ೧೯೬೭ರಲ್ಲಿ ಅಮೆರಿಕಾದ ಕೊಲೊರಾಡೋ ಪ್ರಾಂತದಲ್ಲಿ ಕಂಡ ಜಿಂಕೆಗಳ ಕ್ಷಯಿಸುವ ರೋಗವು ಇದೇ ವರ್ಗದ್ದು. ಅದಕ್ಕೆ ಮನುಷ್ಯನ ದಾರಿಯೇ ಬೇಕಾಗಿಲ್ಲ; ಜೊಲ್ಲು, ಮೂತ್ರ, ಮಲಗಳಿಂದ ಮಣ್ಣನ್ನು ಸೇರಿ ವರ್ಷಗಟ್ಟಲೆ ಅಲ್ಲಿದ್ದು ಮೇಯುವ ಜಿಂಕೆಗೆ ಅಂಟುವುದು. ಈಗ ಆ ದೇಶದ ಮೂವತ್ತಕ್ಕೂ ಹೆಚ್ಚು ಪ್ರಾಂತಗಳಿಗೆ ಅದು ಹಬ್ಬಿದೆ; ೨೦೧೬ರಲ್ಲಿ ನಾರ್ವೆಯ ಹಿಮಸಾರಂಗಗಳಲ್ಲಿಯೂ ತೋರಿತು. ಅದು ಮನುಷ್ಯರಿಗೆ ಬಂದುದಕ್ಕೆ ಈವರೆಗೆ ಪ್ರಮಾಣವಿಲ್ಲ. ಆದರೂ ರೋಗವಿರುವ ಸೀಮೆಯಲ್ಲಿ ಬೇಟೆಯಾಡಿದ ಜಿಂಕೆಯನ್ನು ಪರೀಕ್ಷೆಮಾಡಿಸಬೇಕು, ರೋಗವಿದ್ದರೆ ತಿನ್ನಕೂಡದು ಎಂದು ಅಲ್ಲಿನ ಅಧಿಕಾರಿಗಳು ಬೋಧಿಸುವರು. ಲಿಯೋಪೋಲ್ಟನು ಆಳುಗಳಿಗೆ ಕೊಡಿಸಿದ ಮಾಂಸವನ್ನು ಇವರು ಯಾರಿಗೂ ಕೊಡಿಸುವುದಿಲ್ಲ. ಇಷ್ಟುಮಟ್ಟಿಗೆ ಲೋಕವು ಕಲಿತಿರುವುದು.

ಕುರಿಯ ಲಸಿಕೆ, ಮಕ್ಕಳ ಹಾರ್ಮೋನು, ಹಸುವಿನ ಹಿಂಡಿ ಇವುಗಳಲ್ಲಿ ಯಾವುದನ್ನೂ ಯಾರೂ ದುರ್ಬುದ್ಧಿಯಿಂದ ತಯಾರಿಸಲಿಲ್ಲ. ಅನೇಕರ ಶರೀರಗಳನ್ನು ಒಂದು ಪಾತ್ರೆಯಲ್ಲಿ ಕೂಡಿಸಿ ಅನೇಕರಿಗೆ ಹಂಚುವ ಹೊಸ ಉಪಾಯವನ್ನು ಕಂಡಾಗ, ಅದರಿಂದ ಇಂದು ಬರುವ ಲಾಭವನ್ನು ಎಣಿಸಿದರು. ಮೂವತ್ತು ವರ್ಷಗಳ ಮೇಲೆ ಬರಬಹುದಾದುದನ್ನು ಎಣಿಸಲಿಲ್ಲ, ಅಷ್ಟೆ. ಅಂತಹ ಉಪಾಯಗಳು ಮುಂದೆಯೂ ಬರುವುವು. ಕೇಡೇನೂ ಕಂಡಿಲ್ಲವೆಂಬ ಆಶ್ವಾಸನೆಯೂ ಅವುಗಳ ಸಂಗಡ ಬರುವುದು. ಆಗ ನಾವು ಕೇಳಬೇಕಾದ ಪ್ರಶ್ನೆಯು ಒಂದೇ: ಕೇಡು ಇದ್ದಿದ್ದರೆ ಇಷ್ಟು ಹೊತ್ತಿಗೆ ಕಾಣುತ್ತಿದ್ದಿತೆ? ಕಾಣುತ್ತಿದ್ದಿತು ಎಂಬ ಉತ್ತರವು ಬಂದರೆ ನಿಶ್ಚಿಂತರಾಗಿರಬಹುದು; ಬಾರದಿದ್ದರೆ ದೀಪ ಹಿಡಿದು ಕಾಯುವವರನ್ನು ನೇಮಿಸಿಕೊಂಡೇ ಮುಂದುವರಿಯತಕ್ಕುದು. ಇಷ್ಟನ್ನು ವಾಚಕರಲ್ಲಿ ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸುವೆನು.